ಬಾಡಿದ ತಳಿಗೆ ಅಕ್ಕಚ್ಚು

ಗುಜರಾತಿನ ಚಾಂದ್‌ಖೇಡಾದಲ್ಲಿರುವ ನಮ್ಮ ಮನೆಯ ಟೆರೇಸಿನಲ್ಲಿ ಕಳೆದ ಚಳಿಗಾಲ ಬಟ್ಟೆ ಒಣಹಾಕಲೂ ಜಾಗವಿರಲಿಲ್ಲ. ನನ್ನ ಗಂಡನಿಗೆ ಬೀಜದ ಕಂಪನಿಯಲ್ಲಿ ಕೆಲಸ. ಮಳೆ ಕಡಿಮೆ ಬೀಳುವ ಕಡೆ ಯಾವ ಸಕ್ಕರೆ ಬೀಟ್ ತಾಳಿಕೊಳ್ಳುತ್ತದೆ ಎಂದು ನೋಡಲು ಮೂರು ತಳಿಗಳನ್ನು ಚೀಲಗಳಲ್ಲಿ ಬೆಳೆಸಿದ್ದರು. ಪಲ್ಯಕ್ಕೆ ತರುವ ಕೆಂಪು ಬೀಟ್‌ರೂಟ್ ಅಲ್ಲ ಇದು. ಮೂಲಂಗಿಯಂತೆ ಬೆಳ್ಳಗಿನ, ಸಕ್ಕರೆ ತೆಗೆಯುವ ಗಡ್ಡೆ. ಎಲ್ಲಕ್ಕೂ ಒಂದೇ ಮಣ್ಣು, ಒಂದೇ ಅಳತೆಯ ನೀರು. ಆಮೇಲೆ ನೀರು ನಿಲ್ಲಿಸಿ, ಯಾವುದು ಮೊದಲು ಬಾಡುತ್ತದೆ, ಬಾಡಿದ್ದು ಬೆಳಗಾಗುವಷ್ಟರಲ್ಲಿ ಮತ್ತೆ ಎಲೆ ಎತ್ತುತ್ತದೆಯೇ ಎಂದು ನೋಡುವುದು. ದೇವರ ಕೋಣೆಯಲ್ಲೂ ಅಷ್ಟು ಮಡಿ ಇರಲಿಲ್ಲ.

ಅದೇ ಹೊತ್ತಿಗೆ ಹಾಸನದ ಕಡೆಯಿಂದ ಅಮ್ಮ ಬಂದಳು. ಗೋಡೆ ಪಕ್ಕದ ತಳಿ ಎಲ್ಲಕ್ಕಿಂತ ಮೊದಲು ಸೋತು ಮಲಗಿತ್ತು. ಆದರೆ ಕೆಲವೇ ದಿನಗಳಲ್ಲಿ ತಾನಾಗಿಯೇ ಚೇತರಿಸಿಕೊಂಡು, ಉಳಿದೆರಡನ್ನೂ ಹಿಂದೆ ಹಾಕಿತು. ನನ್ನ ಗಂಡ ಕುಣಿದಾಡುವುದೊಂದು ಬಾಕಿ. ಒಣಭೂಮಿಗೆ ಇದೇ ಸರಿ ಎಂದು ಸಭೆಯಲ್ಲಿ ಹೇಳಲು ವಡೋದರಾಕ್ಕೆ ಹೊರಟರು.

ಅವರು ಹೋದ ಮೇಲೆ ಬಟ್ಟೆ ಹಿಡಿದು ಟೆರೇಸಿಗೆ ಹತ್ತಿದರೆ, ಅಮ್ಮ ಅಕ್ಕಿ ತೊಳೆದ ನೀರನ್ನು ಆ ತಳಿಯ ಬುಡಕ್ಕೆ ಹುಯ್ಯುತ್ತಿದ್ದಾಳೆ!

"ಅಕ್ಕಚ್ಚು ಕುಡಿಯೋಕೆ ಇಲ್ಲಿ ಹಸು ಎಲ್ಲಿದೆ ಹೇಳು? ಪಾಪ, ಇದೊಂದು ಸೊರಗಿ ಹೋಗಿತ್ತು. ದಿನಾ ಹಾಕ್ತಾ ಬಂದೆ. ಈಗ ನೋಡು, ಹೆಂಗೆ ಎದ್ದು ನಿಂತಿದೆ!"

ಗಂಡ ಸಭೆಯಲ್ಲಿ ಬಾಯಿ ಬಿಡುವ ಮೊದಲೇ ತಿಳಿಸಬೇಕಿತ್ತು. ಅಲ್ಲೇ ನಿಂತು ಫೋನ್ ಮಾಡಿದೆ. ಅಮ್ಮನಿಗೆ ಗೊತ್ತಾಗದಿರಲೆಂದು ಮಾತನ್ನು ಹಿಂದಿಗೆ ಹೊರಳಿಸಿದೆ. ಇವಳೇ ನೀರು ಹಾಕಿದ್ದಾಳೆ, ಹಳ್ಳಿ ಹೆಂಗಸು, "ಕುಛ್ ಸಮಝ್ ನಹೀಂ ಆತಾ", ಏನೂ ಗೊತ್ತಾಗುವುದಿಲ್ಲ, ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಗಂಡನ ಮುಂದೆ ತವರಿನ ಮರ್ಯಾದೆ ಹೋಯಿತೆಂಬ ಸಂಕಟಕ್ಕೆ, ಇವಳನ್ನು ಕರೆಸಿಕೊಂಡಿದ್ದೇ ತಪ್ಪಾಯಿತು ಎಂದೂ ಸೇರಿಸಿದೆ. ಅಮ್ಮ ಮಧ್ಯಾಹ್ನವೆಲ್ಲ ಕೆಳಮನೆಯ ಗುಜರಾತಿ ಅಜ್ಜಿಯ ಜೊತೆ ಹರಟುತ್ತಿದ್ದುದು ಯಾವ ಭಾಷೆಯಲ್ಲಿ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅಮ್ಮ ಪಾತ್ರೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಅಳಿಯಂದ್ರೇ, ನೀರು ಹಾಕ್ದೋಳು ನಾನು. ಹಾಕ್ಬಾರ್ದು ಅಂತ ಗೊತ್ತಿರ್ಲಿಲ್ಲ, ತಪ್ಪಾಯ್ತು. ಅಲ್ಲಿ ಇದನ್ನ ಒಳ್ಳೇ ತಳಿ ಅಂತ ಹೇಳ್ಬಿಡ್ಬೇಡಿ."

ಅಳಿಯನೆದುರು ಜೋರಾಗಿ ಮಾತೂ ಆಡದವಳು ಅವರಲ್ಲಿ ಕ್ಷಮೆ ಕೇಳುತ್ತಿದ್ದಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಫೋನನ್ನು ನನಗೆ ವಾಪಸ್ ಕೊಡುತ್ತಾ ಅಮ್ಮ ಹೇಳಿದಳು: "ಬೈಯೋದಿದ್ರೆ ನನ್ನ ಮುಖ ನೋಡ್ಕೊಂಡು ಕನ್ನಡದಲ್ಲೇ ಬೈಯೇ."

ಫೋನಿನಲ್ಲಿ ಗಂಡ "ಅತ್ತೇ, ಹಲೋ, ಅತ್ತೇ" ಎನ್ನುತ್ತಲೇ ಇದ್ದರು.