ಉತ್ತರಕ್ಕೆ ಇಟ್ಟ ಚೀಲ

ಕಸ್ತೂರಮ್ಮ ಟೀಚರ್ ಅವರ ಪ್ರವಾಸದ ಚೀಲ ಈ ಬೇಸಿಗೆಯಲ್ಲಿ ನಮ್ಮ ಅಂಗಡಿಗೆ ಮೂರು ಸಲ ಬಂತು. ಅವರ ಮನೆಯಿಂದ ನಮ್ಮ ಅಂಗಡಿಗೆ ನೂರೈವತ್ತು ಹೆಜ್ಜೆ, ನೇರ ಉತ್ತರಕ್ಕೆ. ಮೇ ತಿಂಗಳ ಮೂರನೇ ವಾರದವರೆಗೂ ಆ ಮನೆಯಲ್ಲಿ ಅಷ್ಟು ಪ್ರವಾಸ ಮಾಡಿದ್ದು ಆ ಚೀಲ ಒಂದೇ.

ನಮ್ಮದು ನ್ಯಾಮತಿಯಲ್ಲಿ ಹಗ್ಗ, ತಾಡಪಾಲು, ಬಲೆಯ ವ್ಯಾಪಾರ. ಚೀಲ ಕಾಯುವುದು ನಮ್ಮ ವ್ಯಾಪಾರವಲ್ಲ. ಅದು ಟೀಚರ ಯಜಮಾನರಾದ ಮಹೇಶ್ವರಪ್ಪನವರ ಏರ್ಪಾಡು. ಸೊಸೈಟಿಯ ಗುಮಾಸ್ತಗಿರಿಯಿಂದ ನಿವೃತ್ತರಾದ ಮೇಲೆ ಅವರು ಗೋಡೆಯ ಕ್ಯಾಲೆಂಡರನ್ನು ಅದೇ ಶ್ರದ್ಧೆಯಿಂದ ನೋಡಿಕೊಳ್ಳುತ್ತಿದ್ದಾರೆ. ಮಂಗಳವಾರ, ಬುಧವಾರ ಉತ್ತರ ದಿಕ್ಕಿಗೆ ಶೂಲ, ಆ ಕಡೆ ಪ್ರಯಾಣ ಹೊರಡಬಾರದು. ಹೊರಡಲೇಬೇಕಾದರೆ ಅದಕ್ಕೂ ಉಪಾಯವಿದೆ. ಮುಂಚೆಯೇ ಒಂದು ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಜಾಗದಲ್ಲಿ ಒಂದು ಚೀಲ ಇಟ್ಟು ಬರುವುದು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಚೀಲ ಹೊರಟರೆ ಮನುಷ್ಯ ಹೊರಟಂತೆ. ಚೀಲ ಮನೆಗೆ ವಾಪಸಾದರೆ ಪ್ರಯಾಣ ಮುರಿದಂತೆ, ಮತ್ತೆ ಹದಿನೈದು ದಿನ ಎಲ್ಲಿಗೂ ಹೊರಡುವಂತಿಲ್ಲ. ಈ ಕೊನೆಯ ನಿಯಮ ಪಂಚಾಂಗದ್ದೋ ಮಹೇಶ್ವರಪ್ಪನವರದ್ದೋ ನನಗೆ ತಿಳಿಯದು. ವಾರ ತಿಥಿ ನೋಡಬಾರದು ಎಂದು ಶರಣರು ಹೇಳಿದ್ದನ್ನು ಅವರು ಪೂರ್ತಿ ಒಪ್ಪುತ್ತಾರೆ. ಒಪ್ಪುವುದಕ್ಕೂ ಒಳ್ಳೆಯ ದಿನ ನೋಡುತ್ತಾರೆ, ಅಷ್ಟೆ.

ಇಷ್ಟೆಲ್ಲಕ್ಕೂ ಮೂಲ ಇಪ್ಪತ್ತು ವರ್ಷದ ಹಿಂದಿನ ಒಂದು ಪ್ರಶ್ನೆ. ಟೀಚರ್ ಏಳನೇ ತರಗತಿಗೆ ದಖ್ಖನ್ ಪ್ರಸ್ಥಭೂಮಿಯ ಪಾಠ ಮಾಡುತ್ತಿದ್ದರು. ನೆಲ ಬಿರಿದು ಲಾವಾ ಹರಿದು, ಆರಿ, ಕಪ್ಪು ಕಲ್ಲಿನ ಮೆಟ್ಟಿಲುಬೆಟ್ಟಗಳಾದವು ಎಂದು ಹೇಳುವಾಗ ಗೋವಿನಕೋವಿಯಿಂದ ಬರುತ್ತಿದ್ದ ದುರುಗೇಶ ಎದ್ದು ನಿಂತ.

"ಮೇಡಂ, ನೀವು ನೋಡೀರಾ ಅದನ್ನ?"

"ನೋಡೀನಿ."

"ಹೆಂಗಿತ್ತು ಮೇಡಂ?"

"ಬಿಸಿ ಇತ್ತು."

ನನ್ನ ಮಗ ಅದೇ ಬೆಂಚಿನಲ್ಲಿದ್ದ. ಸಂಜೆಯ ಹೊತ್ತಿಗೆ ನಮ್ಮ ಓಣಿಗೆಲ್ಲ ಸುದ್ದಿ: ಕಸ್ತೂರಮ್ಮ ಟೀಚರ್ ಜ್ವಾಲಾಮುಖಿ ಮುಟ್ಟಿ ಬಂದಿದ್ದಾರೆ. ಆಮೇಲೆ ಪ್ರತಿ ವರ್ಷ ಹೊಸ ಮಕ್ಕಳು ಅಣ್ಣಂದಿರಿಂದ ಕೇಳಿಕೊಂಡು ಬಂದು ಅದೇ ಪ್ರಶ್ನೆ ಕೇಳಿದರು. ಟೀಚರ್ ಪ್ರತಿ ವರ್ಷ ಅದೇ ಉತ್ತರ ಕೊಟ್ಟರು.

ನಿಜವನ್ನು ಅವರು ನನಗೆ ಹೇಳಿದ್ದು ಈ ಏಪ್ರಿಲ್‌ನಲ್ಲಿ, ಮೊದಲ ಸಲ ಚೀಲ ಇಡಲು ಬಂದಾಗ.

"ಅವತ್ತು ಸ್ಕೂಲ್ ಇನ್‌ಸ್ಪೆಕ್ಟರ್ ಹಿಂದಿನ ಬೆಂಚಿನಾಗೆ ಕೂತಿದ್ರು ರೀ. ನೋಡಿಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ. ಒಂದ್ಸಲ ಬಾಯಿ ಬಿಟ್ಟ ಮ್ಯಾಲೆ ವರ್ಷಾ ವರ್ಷಾ ಬಿಸಿ ಬಿಸಿ ಅಂತ ಅನ್ಕೊಂಡೇ ಬಂದೆ."

"ಬಿಡ್ರಿ ಟೀಚರ್. ನಾನು ದಿನಾ ಹೇಳ್ತೀನಿ, ಈ ಹಗ್ಗ ಹತ್ತು ವರ್ಷ ಬಾಳಿಕೆ ಬರ್ತೈತೆ ಅಂತ."

"ನಿಮ್ಮದು ವ್ಯಾಪಾರ. ನಂದು ಪಾಠ. ಜೂನ್ ಮೂವತ್ತಕ್ಕೆ ರಿಟೈರ್ ಆಗ್ತೀನಿ. ಆ ಪಾಠ ಜೂನ್ ತಿಂಗಳಾಗೇ ಬರ್ತದೆ. ಒಂದ್ಸಲನಾದ್ರೂ ನೋಡಿ ಹೇಳ್ಬೇಕು ರೀ."

ಹೀಗೆ, ರಜೆ ಮುಗಿಯುವುದರೊಳಗೆ ಮಹಾರಾಷ್ಟ್ರದ ಕಡೆ ಏಳು ದಿನದ ಸಂಸಾರ ಸಮೇತ ಪ್ರವಾಸ ಎಂದು ಟೀಚರ್ ಗೀಟು ಹೊಡೆದ ಹಾಳೆಯಲ್ಲಿ ಬರೆದರು. ದಿನಕ್ಕೊಂದು ಬೆಟ್ಟ, ಬೆಟ್ಟಕ್ಕೊಂದು ಕಲ್ಲು. ಗಾಡಿ ದುರುಗೇಶನದು. ಅವನೀಗ ಒಂದು ಕ್ರೂಸರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಾನೆ. ಮದುವೆಯ ಕಾಲವಾದ್ದರಿಂದ ಅವನು ಖಾಲಿ ಇರುವುದು ಮಂಗಳವಾರ, ಬುಧವಾರ ಹೊರಡುವುದಾದರೆ ಮಾತ್ರ. ಆ ಎರಡು ದಿನವೇ ಉತ್ತರಕ್ಕೆ ಶೂಲ. ಆದ್ದರಿಂದ ಚೀಲ.

ಯೋಜನೆಯ ಸಭೆ ಟೀಚರ ಮನೆಯ ಪಡಸಾಲೆಯಲ್ಲಿ ನಡೆಯಿತು. ಚನ್ನಗಿರಿಯಿಂದ ಟೀಚರ ತಮ್ಮ ಸತೀಶ್ ಕುಮಾರ್ ಬಂದಿದ್ದ. ಹೊನ್ನಾಳಿಯಿಂದ ನಾದಿನಿ ಪ್ರೇಮಲತಾ ಬಂದಿದ್ದರು. ಗಾಡಿಗೆ ಕಟ್ಟಲು ಎಷ್ಟು ಉದ್ದದ ಹಗ್ಗ ಬೇಕು ಎಂದು ಹೇಳಲು ನನ್ನನ್ನೂ ಕರೆದಿದ್ದರು.

"ಅಕ್ಕ, ಅಷ್ಟು ದೂರ ಹೋಗಿ ಕಲ್ಲು ನೋಡಾದಾ?" ಎಂದ ಸತೀಶ್. "ನಮ್ಮ ಚನ್ನಗಿರಿ ಕೋಟೆ ಮ್ಯಾಲೆ ಏನು ಬೆಣ್ಣೆ ಐತಾ?"

"ಅಷ್ಟು ದೂರ ಹೋಗಿ ಪಂಢರಪುರ, ತುಳಜಾಪುರ ಬಿಟ್ಟು ಬಂದ್ರೆ ಜನ ಏನಂತಾರೆ ಅತ್ತಿಗೆ?" ಎಂದರು ಪ್ರೇಮಲತಾ.

ಮಹೇಶ್ವರಪ್ಪ ಮೂಲಕ್ಕೇ ಕೈಹಾಕಿದರು. "ಆ ಜ್ವಾಲಾಮುಖಿ ಈಗ ಉರೀತಾ ಐತಾ?"

"ಇಲ್ಲ ರೀ. ಆರಿ ಆರೂವರೆ ಕೋಟಿ ವರ್ಷ ಆತು."

"ಹಂಗಾರೆ ಅವಸರ ಏನೈತೆ?"

ಮೊದಲ ಸಲ ಸತೀಶನ ಮನೆಗೆ ಟೈಲ್ಸ್ ಹಾಕುವವರು ಬಂದರು. ಚೀಲ ವಾಪಸ್ ಹೋಯಿತು. ಎರಡನೇ ಸಲ ಪ್ರೇಮಲತಾ ಅವರಿಗೆ ಮಾವಿನ ಉಪ್ಪಿನಕಾಯಿ ಹಾಕುವ ಕೆಲಸ ಬಂತು. ಚೀಲ ಮತ್ತೆ ವಾಪಸ್. ಏಳು ದಿನ ಐದಾಯಿತು, ಐದು ಮೂರಾಯಿತು. ದಿನ ಕಡಿಮೆಯಾದಷ್ಟೂ ಹಾಳೆಯಲ್ಲಿ ಗುಡಿಗಳು ಹೆಚ್ಚಾದವು, ಬೆಟ್ಟಗಳು ಕಡಿಮೆಯಾದವು. ಮೂರನೇ ಸಲ, ಒಂದು ಶುಕ್ರವಾರ, ಚೀಲ ಬಂದು ನಮ್ಮ ತಾಡಪಾಲಿನ ಸುರುಳಿಗಳ ನಡುವೆ ಕೂತಿತು. ಮಂಗಳವಾರ ಹೊರಡುವುದು. ಅದಾದ ಮೂರು ದಿನಕ್ಕೆ ಶಾಲೆ ಶುರು. ಇನ್ನೊಂದು ಹದಿನೈದು ದಿನಕ್ಕೆ ಜಾಗವಿರಲಿಲ್ಲ.

ಶನಿವಾರ ಟೀಚರ್ ಆ ಹಾಳೆ ಹಿಡಿದುಕೊಂಡು ಅಂಗಡಿಗೆ ಬಂದರು. ನಾನು ಓದಿದೆ. ಪಂಢರಪುರ, ತುಳಜಾಪುರ, ವಾಪಸ್. ಜ್ವಾಲಾಮುಖಿ ಪ್ರವಾಸದಿಂದ ಜ್ವಾಲಾಮುಖಿಯನ್ನು ತೆಗೆದಿದ್ದರು.

"ಕಲ್ಲು ಎಲ್ಲಿ ಹೋದ್ವು ಟೀಚರ್?"

"ದಾರಿ ಬದಿಗೆ ಕಿಟಕಿಯಾಗೆ ಕಾಣ್ತಾವೆ ಬಿಡು ಅಂದ, ನಮ್ಮ ಸತೀಶ."

ಅವರು ಚೀಲದ ಬಾಯಿ ಬಿಚ್ಚಿ ಏಳನೇ ತರಗತಿಯ ಸಮಾಜ ಪುಸ್ತಕವನ್ನು ಹೊರಗೆ ತೆಗೆದರು. ಅದರ ಚಿತ್ರವನ್ನು ಬೆಟ್ಟದ ಎದುರಿಗೆ ಹಿಡಿದು ಹೋಲಿಸಿ ನೋಡಲು ಇಟ್ಟುಕೊಂಡಿದ್ದರಂತೆ. ಇನ್ನು ಅದಕ್ಕೆ ಕೆಲಸವಿರಲಿಲ್ಲ.

ಆಗ ಅಂಗಡಿಯಲ್ಲಿ ಮೈಲಾರಿ ಕೂತಿದ್ದ. ಜಗಳೂರು ತಾಲ್ಲೂಕಿನ ಸೊಕ್ಕೆಯವನು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ನಮ್ಮ ಕಡೆಯ ಗದ್ದೆಗಳಲ್ಲಿ ಮಂದೆ ನಿಲ್ಲಿಸಲು ಬರುತ್ತಾನೆ. ಮಂದೆಯ ಸುತ್ತ ಕಟ್ಟಲು ಪ್ರತಿ ವರ್ಷ ನನ್ನಲ್ಲಿ ಬಲೆ ಒಯ್ಯುತ್ತಾನೆ, ಪ್ರತಿ ವರ್ಷ ಹೋದ ವರ್ಷದ ಬಲೆಯನ್ನು ಬೈಯುತ್ತಾನೆ. ಅವನು ಪುಸ್ತಕದ ಚಿತ್ರದ ಮೇಲೆ ಬಗ್ಗಿದ.

"ಇಂಥ ಕರಿ ಕಲ್ಲು ನೋಡಾಕೆ ಎಲ್ಲಿಗೆ ಹೊಂಟೀರಿ ಅಮ್ಮಾರೆ?"

"ಮಹಾರಾಷ್ಟ್ರಕ್ಕೆ."

"ದುರ್ಗ ದಾಟಿ ಹಿರಿಯೂರ ಕಡೆ ಮರಡಿಹಳ್ಳಿ ಅಂತ ಐತಲ್ಲ, ಅಲ್ಲೇ ಅದಾವೆ. ದಿಂಬು ಜೋಡಿಸಿಟ್ಟಂಗೆ. ನೀರಾಗೆ ಬೆಂಕಿ ಹರಿದು ಆದ ಕಲ್ಲಂತೆ. ಬೋರ್ಡ್ ಹಾಕ್ಯಾರೆ. ನನಗೆ ಓದಾಕೆ ಬರಲ್ಲ, ಒಬ್ರು ಓದಿ ಹೇಳಿದ್ರು."

"ನೀನು ನೋಡೀಯಾ?"

"ನೋಡೋದೇನು, ಅದರ ಮ್ಯಾಲೆ ತಲೆಯಿಟ್ಟು ಮಲಗೀನಿ. ಕುತ್ತಿಗೆ ನೆಟ್ಟಗಾಗಾಕೆ ಎಂಟು ದಿನ ಹಿಡೀತು."

"ಎಷ್ಟು ವರ್ಷದ ಕಲ್ಲಂತೆ?"

"ಅದನ್ನ ಕೇಳ್ಲಿಲ್ಲ. ಕುರಿ ಮುಂದೆ ಹೋಗಿಬಿಟ್ಟಿದ್ವು."

ಟೀಚರ್ ಮೊಬೈಲ್ ತೆಗೆದು ಹುಡುಕಿದರು. ಇನ್ನೂರೈವತ್ತು ಕೋಟಿ ವರ್ಷ. ಪಾಠದಲ್ಲಿರುವ ಲಾವಾಕ್ಕಿಂತ ಎಷ್ಟೋ ಹಳೆಯದು. ಅವರು ಸ್ಟೂಲ್ ಎಳೆದುಕೊಂಡು ಕೂತರು. ಮೂವತ್ತು ವರ್ಷದಲ್ಲಿ ಆ ಹೆಂಗಸು ನಮ್ಮ ಅಂಗಡಿಯಲ್ಲಿ ಕೂತಿದ್ದನ್ನು ನಾನು ನೋಡಿದ್ದು ಅವತ್ತೇ.

"ಒಂದೇ ದಿನದಾಗೆ ಹೋಗಿ ಬರಬೌದು ರೀ," ಎಂದರು.

ಮಹೇಶ್ವರಪ್ಪನವರನ್ನು ಕರೆಸಿದೆವು. ಅವರು ಎಲ್ಲವನ್ನೂ ಕೇಳಿದರು. ಮಂಗಳವಾರ, ಪೂರ್ವ ದಿಕ್ಕು, ಶೂಲವಿಲ್ಲ. ಮುಖ ಅರಳಿತು. ಆಮೇಲೆ ತಾಡಪಾಲಿನ ನಡುವೆ ಕೂತ ಚೀಲದ ಮೇಲೆ ಕಣ್ಣು ಬಿತ್ತು.

"ಆಗಾಕಿಲ್ಲ. ಪ್ರಸ್ಥಾನ ಉತ್ತರಕ್ಕೆ ಇಟ್ಟೈತೆ. ಚೀಲ ಉತ್ತರಕ್ಕೆ, ಮನುಷ್ಯ ಪೂರ್ವಕ್ಕೆ. ಅದು ಹೆಂಗಾಗ್ತೈತೆ?"

"ಚೀಲ ಮನೆಗೆ ಒಯ್ತೀನಿ," ಎಂದರು ಟೀಚರ್.

"ಒಯ್ದ್ರೆ ಪ್ರಯಾಣ ಮುರೀತು. ಹದಿನೈದು ದಿನ."

ಟೀಚರ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮಡಿಸಿದ ಮೂಲೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡತೊಡಗಿದರು. ಮೈಲಾರಿ ಬಲೆ ಬೈಯುವುದನ್ನು ನಿಲ್ಲಿಸಿದ್ದ. ಗಿರಾಕಿ ಬೈಯುವುದು ನಿಲ್ಲಿಸಿದರೆ ಅಂಗಡಿಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ.

"ಮಹೇಶ್ವರಪ್ಪನೋರೆ," ಎಂದೆ ನಾನು. "ನಮ್ಮ ಗೋಡೌನು ನಿಮ್ಮ ಮನೆಗೆ ಯಾವ ದಿಕ್ಕು?"

ಅವರು ಬೆರಳಿನಲ್ಲೇ ಓಣಿಗಳನ್ನು ತಿರುಗಿಸಿ ನೋಡಿದರು. "ಪೂರ್ವ."

"ಅಂಗಡಿಯಿಂದ ಗೋಡೌನಿಗೆ ಮಾಲು ಹೋದ್ರೆ ಅದನ್ನ ವಾಪಸ್ ಅಂತಾರಾ? ನೀವು ಸೊಸೈಟಿಯಾಗೆ ಇದ್ದೋರು, ನೀವೇ ಹೇಳ್ರಿ."

ಅವರು ಬಹಳ ಹೊತ್ತು ಯೋಚಿಸಿದರು. "ಇಲ್ಲ. ಅದು ವರ್ಗಾವಣೆ."

"ಹಂಗಾರೆ ಚೀಲ ವರ್ಗ ಮಾಡ್ತೀನಿ. ಮನೆ ಮುಟ್ಟಿಸಲ್ಲ, ಹಿಂದಿನ ಓಣಿಯಿಂದ ಹೋಗ್ತೈತೆ."

ಮೈಲಾರಿಯೇ ಚೀಲ ಹೊತ್ತುಕೊಂಡು ಹೋಗಿ ಗೋಡೌನಿನಲ್ಲಿ ಇಟ್ಟು ಬಂದ. ಬಂದವನೇ ಮತ್ತೆ ಬಲೆ ಬೈಯತೊಡಗಿದ.

ಮಂಗಳವಾರ ನಮ್ಮ ಅಂಗಡಿಗೆ ರಜೆ. ಗಾಡಿಯಲ್ಲಿ ಜಾಗವಿತ್ತು, ಗೋಡೌನಿನಿಂದ ಚೀಲ ಹತ್ತಿಸಿ ನಾನೂ ಹೋದೆ. ದುರುಗೇಶ ಟೀಚರನ್ನು ಮುಂದಿನ ಸೀಟಿನಲ್ಲಿ ಕೂರಿಸಿದ.

"ನೀವು ನೋಡಿದೋರು ಮೇಡಂ, ನಿಮಗೆ ಗೊತ್ತಿರ್ತೈತೆ. ನೀವು ಹೇಳ್ದಂಗೆ ಹೋಗ್ತೀನಿ."

ಹೊನ್ನಾಳಿಯಲ್ಲಿ ಪ್ರೇಮಲತಾ ಹತ್ತಿದರು. ಕಲ್ಲು ನೋಡಿದ ಮೇಲೆ ದುರ್ಗದಲ್ಲಿ ಒಂದಾದರೂ ಗುಡಿ ಎಂಬ ಒಪ್ಪಂದದ ಮೇಲೆ ಬಂದಿದ್ದರು. ಚನ್ನಗಿರಿಯಲ್ಲಿ ಸತೀಶ್ ಹತ್ತಿದ. ಟೈಲ್ಸ್ ಹೇಗೆ ಕೂತಿವೆ ಎಂಬುದನ್ನು ಹೊಳಲ್ಕೆರೆವರೆಗೂ ಹೇಳಿದ. ದುರುಗೇಶ ನಡುನಡುವೆ ಕೇಳುತ್ತಿದ್ದ.

"ನೀವು ಹೋದಾಗ ರಸ್ತೆ ಹಿಂಗೇ ಇತ್ತಾ ಮೇಡಂ?"

"ಇರ್ಲಿಲ್ಲಪ್ಪ," ಎಂದರು ಟೀಚರ್. ಅಷ್ಟು ಹೇಳುವುದಕ್ಕೂ ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಮರಡಿಹಳ್ಳಿ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಬೋರ್ಡ್ ಇತ್ತು. ಅದರ ಹಿಂದೆ ಕಲ್ಲು. ಉರುಟು ಉರುಟಾಗಿ, ಒಂದರ ಮೇಲೊಂದು ಒತ್ತಿಕೊಂಡು, ಹತ್ತಿ ಜಾಸ್ತಿ ತುಂಬಿದ ದಿಂಬುಗಳಂತೆ ಕೂತಿದ್ದವು. ಸರಕು ಹೇರಿದ ರೀತಿ ಮಾತ್ರ ಚೆನ್ನಾಗಿತ್ತು, ಎಲ್ಲೂ ಸಂದಿ ಬಿಟ್ಟಿರಲಿಲ್ಲ.

"ಇದಾ?" ಎಂದರು ಪ್ರೇಮಲತಾ.

ಸತೀಶ್ ಒಂದು ಕಲ್ಲಿನ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ. ಮಹೇಶ್ವರಪ್ಪ ಬೋರ್ಡಿನ ಮುಂದೆ ನಿಂತು ಸಭೆಯ ನಡವಳಿ ಓದುವವರಂತೆ ಮೊದಲ ಅಕ್ಷರದಿಂದ ಓದತೊಡಗಿದರು.

ಟೀಚರ್ ಸೆರಗು ಸುತ್ತಿಕೊಂಡು ಒಂದು ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ಅದರ ಮೇಲಿಟ್ಟರು. ಥಟ್ಟನೆ ಎಳೆದುಕೊಂಡರು.

"ದುರುಗೇಶ, ಬಾರಪ್ಪ ಇಲ್ಲಿ."

ಅವನು ಬಂದು ಮುಂದೆ ನಿಂತ. ಮೂವತ್ತು ದಾಟಿದ ಗಂಡಸು, ಕೈ ಕಟ್ಟಿಕೊಂಡೇ ನಿಂತ.

"ನಾನು ಅವತ್ತು ನೋಡಿರ್ಲಿಲ್ಲ ಕಣಪ್ಪ. ಸುಳ್ಳು ಹೇಳಿದ್ದೆ. ನೋಡ್ತಾ ಇರೋದು ಇವತ್ತೇ."

ದುರುಗೇಶ ಬಗ್ಗಿ ತಾನೂ ಕಲ್ಲು ಮುಟ್ಟಿದ. ಕೈ ಕೊಡವಿಕೊಂಡ.

"ಬಿಸಿನೇ ಐತಲ್ಲ ಮೇಡಂ. ಸುಳ್ಳು ಹೆಂಗಾತು?"

"ಯಾಕೆ ಬಿಸಿ ಐತೆ? ಹೇಳು."

"ಜ್ವಾಲಾಮುಖಿ..." ಎಂದು ಶುರುಮಾಡಿದವನು ಟೀಚರ ಮುಖ ನೋಡಿ, ಆಮೇಲೆ ತಲೆಯ ಮೇಲೆ ಸುಡುತ್ತಿದ್ದ ಸೂರ್ಯನನ್ನು ನೋಡಿ ತಿದ್ದಿಕೊಂಡ. "ಬಿಸಿಲಿಗೆ ಮೇಡಂ."

"ಹ್ಞಾಂ. ಇದು ಬಿಸಿಲಿನ ಬಿಸಿ. ಬೆಂಕಿ ಆರಿ ಇನ್ನೂರೈವತ್ತು ಕೋಟಿ ವರ್ಷ ಆತು. ಇನ್ ಮ್ಯಾಲೆ ಯಾರಾದ್ರೂ ಕೇಳಿದ್ರೆ ಹಂಗೇ ಹೇಳು."

"ಹೂಂ ಮೇಡಂ," ಎಂದು ದುರುಗೇಶ ಬುತ್ತಿ ತರಲು ಗಾಡಿಯ ಕಡೆ ಹೋದ.

ಮಹೇಶ್ವರಪ್ಪ ಅಷ್ಟು ಹೊತ್ತಿಗೆ ಬೋರ್ಡಿನ ಕೊನೆಯ ಸಾಲು ಮುಟ್ಟಿದ್ದರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಹೇಳಿದರು, "ಅದಕ್ಕೇ ನಾನು ಮೊದಲೇ ಕೇಳಿದ್ದು, ಅವಸರ ಏನೈತೆ ಅಂತ."

ಟೀಚರ್ ಸೆರಗನ್ನು ಮಡಿಸಿ ಕಲ್ಲಿನ ಮೇಲಿಟ್ಟು, ಅದರ ಮೇಲೆ ಎರಡೂ ಕೈ ಊರಿ ಕೂತಿದ್ದರು.