ಪಾರವ್ವನ ಚಾರ್ಜರಿಗೆ ಏರಿದ ಕುಂಕುಮ

ಪಾರವ್ವನ ರೊಟ್ಟಿ ಎಷ್ಟು ತೆಳುವೆಂದರೆ, ಪುಣೆ ಕ್ಯಾಂಪಿನಲ್ಲಿ ಒಮ್ಮೆ ಗಾಳಿಗೆ ಹಾರಿದ್ದು ಹದಿನೈದು ಮೈಲಿ ಆಚೆ ದೇಹೂ ರೋಡಿನಲ್ಲಿ ಇಳಿಯಿತು. ನಂಬದಿದ್ದರೆ ಬಿಡಿ, ತಿಂದವನು ನಾನು.

ಸವದತ್ತಿ ಕಡೆಯ ಹೆಣ್ಣುಮಗಳು. ಅಂಬಾದಾಸನನ್ನು ಮದುವೆಯಾಗಿ ಪುಣೆಗೆ ಬಂದವಳು ಕ್ಯಾಂಪಿನ ನನ್ನ ಬಟ್ಟೆ ಅಂಗಡಿಯ ಪಕ್ಕದಲ್ಲೇ ಖಾನಾವಳಿ ಇಟ್ಟಳು. ಅಂಬಾದಾಸ ಮಾತಾಡಿ ಗಿರಾಕಿಗಳನ್ನು ಓಡಿಸುತ್ತಿದ್ದ, ಇವಳು ರೊಟ್ಟಿ ಬಡಿದು ಮರಳಿ ಕರೆಸುತ್ತಿದ್ದಳು. ಹಳೆಯ ಕಟ್ಟಡ ಕೆಡವಿದಾಗ ಇಬ್ಬರೂ ರೊಟ್ಟಿ ಬೇಯಿಸುವ ಹಂಚು ಹೊತ್ತುಕೊಂಡು ಘಾಟಿನ ತುದಿಯ ಕಡೇವಾಡಿಗೆ ಹೋದರು. ಅದು ಎಂಥ ಎತ್ತರ ಅಂತೀರಿ! ಅಲ್ಲಿ ಮೋಡಗಳೇ ಸುಸ್ತಾಗಿ ಪಾರವ್ವನ ಕಟ್ಟೆಯ ಮೇಲೆ ಕೂತು ಚಹಾ ಕೇಳುತ್ತವೆ. ಮೋಡಗಳನ್ನು ಬಿಟ್ಟರೆ ಬೇರೆ ಗಿರಾಕಿಗಳೇ ಇರಲಿಲ್ಲ.

ಹೋದ ವರ್ಷ ಒಂದು ಕಂಪನಿಯವರು ಖಾನಾವಳಿಯ ಮುಂದೆ ಕರೆಂಟಿನ ಗಾಡಿಗಳಿಗೆ ಚಾರ್ಜರ್ ಪೆಟ್ಟಿಗೆ ನಿಲ್ಲಿಸಿದರು. ಆ ಬೆಟ್ಟದ ಮೇಲೆ ಇದ್ದದ್ದು ಅದೊಂದೇ. ಬ್ಯಾಟರಿ ತುಂಬುವ ತನಕ ಗಾಡಿಯವರು ಏನು ಮಾಡಬೇಕು? ರೊಟ್ಟಿ ತಿನ್ನಬೇಕು! ಖಾನಾವಳಿಗೆ ಜೀವ ಬಂತು. ಆದರೆ ದಸರೆ ಮುಗಿದ ಮೇಲೆ ಬಂದವರೆಲ್ಲ ಪೆಟ್ಟಿಗೆಗೆ ಮೊಬೈಲ್ ತೋರಿಸಿ, ಗೊಣಗಿ, ಹೋಗತೊಡಗಿದರು. ಯಾರೂ ಬಳಸದ ಚಾರ್ಜರನ್ನು ಹೈವೇಗೆ ಒಯ್ಯುತ್ತೇವೆಂದು ಕಂಪನಿ ತಿಳಿಸಿತು.

ನಾನು ಸೊಸೆ ಶರ್ವರಿಯ ಗಾಡಿಯಲ್ಲಿ ಅಲ್ಲಿಗೆ ಹೋದ ದಿನ, ಕಂಪನಿಯ ಹುಡುಗ ಅವಧೂತ ಅದರ ಬೋಲ್ಟು ಬಿಚ್ಚಲು ಪಾನಾ ಹಿಡಿದು ನಿಂತೇ ಇದ್ದ.

"ಬರ್ರಿ ಮಾಮಾ, ಛಲೋ ಹೊತ್ತಿಗೆ ಬಂದ್ರಿ. ನನ್ನ ಖಾನಾವಳಿ ಮಣ್ಣು ಮಾಡಾಕ ಬಂದಂಗಾತು," ಎಂದಳು ಪಾರವ್ವ.

ಶರ್ವರಿ ಮೊಬೈಲ್ ತೆಗೆದು ಪೆಟ್ಟಿಗೆಯ ಸುತ್ತ ತಿರುಗಿದಳು. "ಮಾವಶಿ, ಸ್ಕ್ಯಾನ್ ಮಾಡೂ ಚೌಕ ಎಲ್ಲದ?"

ಪೆಟ್ಟಿಗೆ ನೆತ್ತಿಯಿಂದ ಸೊಂಟದವರೆಗೆ ಕೆಂಪಾಗಿತ್ತು. ದಸರೆಯ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಪಾರವ್ವ ಹಚ್ಚಿದ್ದು ಒಂದೇ ಬೊಟ್ಟು. ಆಮೇಲೆ ಹಾಲಿನವನು, ಬಸ್ಸಿನವನು, ಊರ ಹೆಂಗಸರು, ಮಂಗಳವಾರ ಶುಕ್ರವಾರ ತಪ್ಪದೆ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಏರಿಸಿದ್ದರು. ಬಿಸಿಲಿಗೆ ಕರಗಿ ಇಳಿದ ಕುಂಕುಮ ಚೌಕವನ್ನು ನುಂಗಿತ್ತು.

"ಅಯ್ಯ ಶಿವನ! ನಾನು ಅವರ ಮೊಬೈಲಿಗೆ ರೇಂಜ್ ಇಲ್ಲ ಅಂದ್ಕೊಂಡಿದ್ದೆ!" ಎಂದಳು ಪಾರವ್ವ.

ಅವಧೂತ ಜೇಬಿನಿಂದ ಅರಿವೆ ತೆಗೆದ. ಪಾರವ್ವ ಅವನ ಕೈ ಹಿಡಿದಳು. "ತಡಿಯೋ ತಮ್ಮಾ! ಹಚ್ಚಿದ ಕುಂಕುಮ ಒರಸ್ತಾರೇನು? ಅಪಶಕುನ!"

"ಮಷೀನ ಹೋದ್ರ ಶುಭ ಶಕುನೇನ?" ಅಂಬಾದಾಸ ಕಟ್ಟೆಯ ಮೇಲಿಂದ ಕೆಣಕಿದ.

"ನೀವು ಸುಮ್ಮನ ಕೂಡ್ರಿ."

ಪಾರವ್ವ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. ಆಮೇಲೆ ಬೆರಳಿನಿಂದ ಒಂದಿಷ್ಟು ಕೆರೆದು ಶರ್ವರಿಯ ಹಣೆಗೆ ಇಟ್ಟಳು.

"ಒರಸೂದು ಅಲ್ಲವಾ ಇದು. ಪ್ರಸಾದ ತಗೊಳ್ಳೂದು!"

ಸರಿ, ನನ್ನ ಹಣೆ ತುಂಬಿತು. ಬೋಳುತಲೆಯಲ್ಲಿ ಜಾಗ ಬಹಳವಿತ್ತು, ಅದೂ ತುಂಬಿತು. ಅಂಬಾದಾಸನ ಮೂಗಿಗೂ ಬಿತ್ತು. ಅಷ್ಟರಲ್ಲಿ ಬಸ್ ಬಂತು. ಪಾರವ್ವ ಎಲ್ಲರನ್ನೂ ಇಳಿಸಿ ಬೊಟ್ಟು ಇಟ್ಟಳು. ಆ ಬಸ್ಸು ಬೆಟ್ಟದ ಕೆಳಗಿನ ಇಂದಾಪುರ ಮುಟ್ಟಿದಾಗ ಮದುವೆ ದಿಬ್ಬಣವೆಂದು ತಿಳಿದು ಜನ ಆರತಿ ತಂದರಂತೆ! ಚೌಕದ ಮೂಲೆಗಳು ಕಂಡವು. ಉಳಿದದ್ದನ್ನು ಅವಧೂತನ ಹಣೆಗೆ ಬಳಿದಳು.

ಶರ್ವರಿ ಮೊಬೈಲ್ ಹಿಡಿದಳು. ಅಂಬಾದಾಸ ಕೂಡ ಕಟ್ಟೆಯಿಂದ ಇಳಿದು ಬಂದ.

ಹಸಿರು ದೀಪ ಹತ್ತಿತು.

ಅವಧೂತ ಸಾಹೇಬರಿಗೆ ಫೋನು ಹಚ್ಚಿ ಮರಾಠಿಯಲ್ಲಿ ಬಹಳ ಹೊತ್ತು ವಾದಿಸಿದ. ಮಷೀನಿನ ತಪ್ಪಿಲ್ಲ, ಗಾಡಿಗಳೂ ಬಂದಿದ್ದವು, ಭಕ್ತಿ ಒಂದಿಷ್ಟು ಜಾಸ್ತಿಯಾಗಿತ್ತು ಎಂದ. ಪಾರವ್ವ ಸೆರಗಿನ ತುದಿ ತಿರುಚುತ್ತ ಅವನ ಮುಖ ನೋಡುತ್ತಿದ್ದಳು. ಫೋನಿಟ್ಟು ಅವನು ಪಾನಾವನ್ನು ಚೀಲಕ್ಕೆ ಹಾಕಿಕೊಂಡ.

"ಇರೂದಂತ ಮಾವಶಿ, ಇಲ್ಲೇ ಇರತದ," ಎಂದ ಮುರುಕು ಕನ್ನಡದಲ್ಲಿ. "ಈಗ ರೊಟ್ಟಿ ಹಾಕ್ತೀರೇನು?"

"ಮದಲ ಬೋರ್ಡ್ ಬರದು ಹಚ್ಚು: ಬೊಟ್ಟು ಹಿಂದಿನ ಬಾಜೂಕ ಇಡಬೇಕು ಅಂತ," ಎನ್ನುತ್ತ ಪಾರವ್ವ ಹಿಟ್ಟಿಗೆ ನೀರು ಹಾಕಿದಳು.