ಹನ್ನೊಂದು ಕೆರೆ, ಒಂದು ಮುಚ್ಚಳ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ಅದೇ ಮೇಜು, ಬೀದಿ ಕಾಣುವ ಅದೇ ಕಿಟಕಿ. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಅಂಗಿಯ ತೋಳಿನ ತುದಿಯನ್ನು ಬೆಳಕಿಗೆ ಹಿಡಿದರೆ ಸಾಕು, ಅದನ್ನು ತೊಡುವವನು ಮನೆಯಲ್ಲಿ ತಾನು ಕುಡಿದ ಲೋಟವನ್ನಾದರೂ ತೊಳೆದಿಡುತ್ತಾನೋ ಇಲ್ಲವೋ ಹೇಳಿಬಿಡುತ್ತಾಳೆ. ಇಷ್ಟು ವರ್ಷಗಳಲ್ಲಿ ಲೋಟ ತೊಳೆಯುವವರು ನಾಲ್ಕು ಜನ ಸಿಕ್ಕಿದ್ದಾರೆ. ಅವರಲ್ಲಿ ಮೂವರು ಒಂಟಿಯಾಗಿರುವವರು.

ಅವಳ ಗಂಡ ಬಿಡಿಭಾಗಗಳ ಗೋದಾಮಿನ ಉಸ್ತುವಾರಿ. ಅಲ್ಲಿರುವ ನಲವತ್ತು ಸಾವಿರ ಸಾಮಾನುಗಳಲ್ಲಿ ಯಾವುದನ್ನು ಕೇಳಿದರೂ ಕಣ್ಣು ಮುಚ್ಚಿಕೊಂಡು ಹೋಗಿ ತಂದುಕೊಡುತ್ತಾನೆ ಎಂದು ಹೆಸರು ಪಡೆದವನು. ಮನೆಯಲ್ಲಿ ಕಣ್ಣು ಬಿಟ್ಟುಕೊಂಡೇ ಉಪ್ಪಿನ ಡಬ್ಬದ ಮುಂದೆ ನಿಂತು ಉಪ್ಪೆಲ್ಲಿ ಎನ್ನುತ್ತಾನೆ. ಮೂರನೆಯವರು ಅತ್ತೆ. ಮಂಡಿನೋವು, ಚುರುಕು ನಾಲಿಗೆ, ಅದಕ್ಕಿಂತ ಚುರುಕು ಕಣ್ಣು.

ವ್ಯಾಯಾಮ ಬೇಕೇ ಬೇಕು ಎಂದು ಡಾಕ್ಟರು ಹೇಳಿದ್ದರಿಂದ ಗಂಡ ಒಂದು ಗ್ರ್ಯಾವೆಲ್ ಬೈಕ್ ಕೊಂಡು ತಂದಿದ್ದ. ದಪ್ಪ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಜಲ್ಲಿ ದಾರಿಗೆಂದೇ ಮಾಡಿದ ಸೈಕಲ್ಲು ಅದು. ಎರಡು ದಿನ ತುಳಿದ. ಮೂರನೆಯ ದಿನ ಅದರ ಮೇಲೆ ಒದ್ದೆ ಟವೆಲ್ ಹರವಿದ. ಅಲ್ಲಿಂದ ಒಂದೂವರೆ ವರ್ಷ ಅದು ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿ ವರಾಂಡದಲ್ಲಿ ನಿಂತಿತ್ತು. ಒಂದು ಭಾನುವಾರ ಒಣಗಿದ್ದನ್ನೆಲ್ಲ ತೆಗೆದು ಮಡಿಸುತ್ತಿದ್ದಾಗ ಅವಳಿಗೆ ಅಡಿಯಲ್ಲಿ ಪೆಡಲು ಕಾಣಿಸಿತು. ಓಹೋ, ಇದು ಸೈಕಲ್ಲಲ್ಲವೇ ಎಂದು ಜ್ಞಾಪಕ ಬಂತು. ಮಡಿಸುವುದನ್ನು ಅರ್ಧಕ್ಕೇ ಬಿಟ್ಟು ಬೀದಿಗೆ ತಳ್ಳಿಕೊಂಡು ಹೋದಳು. ವರಾಂಡದಲ್ಲಿ ಸೈಕಲ್ಲು ಇಲ್ಲದ್ದರ ಬಗ್ಗೆ ಮನೆಯಲ್ಲಿ ಎರಡು ದಿನ ಯಾರೂ ಕೇಳಲಿಲ್ಲ. ಮೂರನೆಯ ದಿನ ಗಂಡ ಬಂದು, ಟವೆಲ್ ಎಲ್ಲಿ ಹಾಕಲಿ ಎಂದು ಕೇಳಿದ.

ಅವರ ಮನೆಯಿಂದ ಮೂರು ಬೀದಿ ದಾಟಿದರೆ ರಕ್ಷಿತ ಅರಣ್ಯದ ಗೇಟು. ಒಳಗೆ ಗುಡ್ಡವಿಲ್ಲ, ದಿಣ್ಣೆಯಿಲ್ಲ, ಮೇಜಿನಂಥ ನೆಲ. ಅಲ್ಲಲ್ಲಿ ಕೆರೆ, ಒಟ್ಟು ಹನ್ನೊಂದು. ಎಲ್ಲವೂ ಒಂದೇ ಅಚ್ಚಿನವು: ಅದೇ ಜೊಂಡು, ಅದೇ ಮರದ ಸೇತುವೆ, ಅದೇ ಬಾತುಕೋಳಿಯೇ ಮುಂದಿನ ಕೆರೆಗೂ ಹಾರಿ ಬಂದಿದೆಯೋ ಎನ್ನಿಸುವಂಥ ಬಾತುಕೋಳಿ. ಪ್ರತಿ ಕೆರೆಗೂ ಒಂದು ಗುಡಿಸಲು, ಗುಡಿಸಲಿಗೊಬ್ಬ ಗಾರ್ಡ್, ಗಾರ್ಡಿನ ಬಳಿ ಒಂದು ಮೊಹರು. ಎಪ್ಪತ್ತೆರಡು ಕಿಲೋಮೀಟರು ಸುತ್ತಿ, ಕಾರ್ಡಿಗೆ ಹನ್ನೊಂದು ಮೊಹರು ಹಾಕಿಸಿಕೊಂಡು ಸಂಜೆ ಐದು ಗಂಟೆಯೊಳಗೆ ಗೇಟಿಗೆ ಬಂದರೆ ಸುತ್ತು ಮುಗಿದ ಹಾಗೆ. ಒಂದೇ ಹಂಗಾಮಿನಲ್ಲಿ ಮೂರು ಸಲ ಹೊರಟು ಮೂರು ಸಲವೂ ಮುಗಿಸದಿದ್ದರೆ ಮತ್ತೆಂದೂ ಪರವಾನಗಿ ಕೊಡುವುದಿಲ್ಲ. ನಡುವೆ ಬಿಟ್ಟುಹೋಗುವವರಿಂದ ಹಕ್ಕಿಗಳಿಗೆ ಗೊಂದಲವಾಗುತ್ತದಂತೆ, ಹಾಗೆಂದು ಬೋರ್ಡಿನಲ್ಲಿ ಬರೆದಿದೆ.

ಇಸ್ತ್ರಿಯಕ್ಕ ಎರಡು ಸಲ ಸೋತಿದ್ದಳು. ಮೊದಲನೆಯ ಸಲ, ನೆನೆಹಾಕಿದ ಬಟ್ಟೆ ಬಕೆಟ್ಟಿನಲ್ಲೇ ಇದೆಯೆಂದು ನಾಲ್ಕನೆಯ ಕೆರೆಯ ದಂಡೆಯಲ್ಲಿ ಹೊಳೆದು ವಾಪಸಾದಳು. ಬಂದು ನೋಡಿದರೆ, ಬಟ್ಟೆಯನ್ನು ಹೊರಡುವ ಮೊದಲೇ ಅವಳೇ ಒಗೆದು ಹರವಿಯಾಗಿತ್ತು. ಎರಡನೆಯ ಸಲ ಒಂಬತ್ತನೆಯ ಕೆರೆಯವರೆಗೆ ಹೋಗಿದ್ದಳು, ಅಷ್ಟರಲ್ಲಿ ಟೈರು ಪಂಕ್ಚರು. ಹಂಗಾಮಿನ ಕೊನೆಯ ದಿನ, ಬೆಳಿಗ್ಗೆ ಎಂಟಕ್ಕೆ, ಮೂರನೆಯ ಸಲ ಹೊರಟಳು. ಮೈಮೇಲೆ ಲಾಂಡ್ರಿಯ ನೀಲಿ ಕೋಟು.

ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಆ ಕಾಡಿನಲ್ಲಿ ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದೇ ಅದು. ಆದರೆ ಆ ದಿನ ಗೇಟಿನ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ತುರ್ತು ನಂಬರನ್ನು ಗಂಡ ಓದಿ ಬರೆದುಕೊಂಡಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಬಿಡಲು ಬಂದವನು ಅವನು, ಒಳ್ಳೆಯ ಮನಸ್ಸಿನಿಂದಲೇ.

ಎರಡನೆಯ ಕೆರೆಯಲ್ಲಿ ಮೀಸೆಯ ಗಾರ್ಡ್ ಕೆಂಪು ಬಾವುಟ ಬೀಸಿ ನಿಲ್ಲಿಸಿದ. ಮುಖ ಗಂಭೀರ, ಕೈಯಲ್ಲಿ ಮೂರು ಪ್ರತಿಗಳ ಫಾರಂ. ಅತ್ತೆ ಬಿದ್ದರೇನೋ ಎಂದುಕೊಂಡಳು. ಗಾರ್ಡ್ ಟೋಪಿ ತೆಗೆದು ಓದಿದ: "ತುರ್ತು ಸಂದೇಶ. ಸಣ್ಣ ಪಾತ್ರೆಯ ಮುಚ್ಚಳ ಎಲ್ಲಿ?"

ಅವಳು ಸೈಕಲ್ಲನ್ನು ಗುಡಿಸಲಿಗೆ ಒರಗಿಸಿದಳು.

"ಸಣ್ಣ ಪಾತ್ರೆಯ ಮೇಲೇ ಇದೆ," ಎಂದಳು.

ಗಾರ್ಡ್ ಬರೆದುಕೊಂಡ, ಸಹಿ ಹಾಕಿಸಿಕೊಂಡ, ಗುಡಿಸಲಿನ ತಂತಿ ಫೋನಿನಲ್ಲಿ ಗೇಟಿಗೆ ಓದಿ ಹೇಳಿದ. ಗೇಟಿನಿಂದ ಮನೆಗೆ ಹೋಗಿ, ಮುಟ್ಟಿತೆಂಬ ಖಾತ್ರಿ ಮರಳಿ ಬರುವವರೆಗೆ ಸಂದೇಶ ಪಡೆದವರು ಕದಲುವಂತಿಲ್ಲ. ಅದು ನಿಯಮ. ಇಪ್ಪತ್ತು ನಿಮಿಷ ಹೋಯಿತು.

ಮೂರನೆಯ ಕೆರೆಗೆ ಹೋಗುವ ದಾರಿ ಬಟ್ಟೆ ಒಗೆಯುವ ಹಲಗೆಯ ಹಾಗೆ ಸಾಲು ಸಾಲು ಏರಿಳಿತ. ಹಲ್ಲು ಕಟಕಟಿಸುತ್ತಿದ್ದರೂ ಅವಳ ಕಣ್ಣು ವೃತ್ತಿಯದು, ಇದಕ್ಕೊಂದು ಸಲ ಇಸ್ತ್ರಿ ಹೊಡೆದರೆ ಎಷ್ಟು ಚೆನ್ನ ಎಂದು ನೋಡುತ್ತಿತ್ತು. ಗುಡಿಸಲಿನಲ್ಲಿ ಫಾರಂ ಕಾಯುತ್ತಿತ್ತು. ಬಟ್ಟೆ ಮೆಷಿನ್ನು ಕೂಗುತ್ತಿದೆ, ಅದಕ್ಕೇನು ಬೇಕಂತೆ? ನಾಲ್ಕನೆಯದರಲ್ಲಿ, ಅಮ್ಮನ ನೀಲಿ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ? ಆಮೇಲೆ ಎಂದು ಬರೆಸಿದಳು. ಐದನೆಯದರಲ್ಲಿ, ಹಾಗಾದರೆ ಊಟ ಯಾವಾಗ? ನೀವು ಮಾಡಿದಾಗ ಎಂದು ಬರೆಸಿದಳು. ಗಾರ್ಡ್ ಪೆನ್ನು ಎತ್ತಿಹಿಡಿದು, ಹೀಗೇ ಬರೆಯಲೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ.

ಆರನೆಯ ಕೆರೆಯ ಹೊತ್ತಿಗೆ ಅವಳ ಮನೆ ಇಡೀ ಕಾಡಿಗೆ ಪರಿಚಯವಾಗಿತ್ತು. ಅಲ್ಲಿನ ದಪ್ಪ ಗಾರ್ಡ್ ದೂರದಿಂದಲೇ, ಮುಚ್ಚಳದ ಮನೆಯವರು ನೀವೇನಾ ಎಂದು ಕೇಳಿ ಕುರ್ಚಿ ಹಾಕಿದ. ಒಗೆದ ಟವೆಲ್ ಎಲ್ಲಿ ಎಂದು ಕೇಳಿದ್ದರಂತೆ. ಬೀರುವಿನ ಎರಡನೇ ಅರೆ, ಹಾಸಿಗೆ ಹೊದಿಕೆಗಳ ಹಿಂದೆ ಎಂದು ತಾನೇ ಹೇಳಿಬಿಟ್ಟೆನೆಂದ. ಸಿಕ್ಕಿತಂತೆ. ಇನ್ನು ಅವಳದು ಬರೀ ಸಹಿ.

ಅವಳು ಅವನನ್ನೇ ನೋಡಿದಳು. "ನಿಮ್ಮನೇಲಿ ಟವೆಲ್ ಎಲ್ಲಿರುತ್ತೆ?"

"ನಮ್ಮನೇಲಾ?" ಗಾರ್ಡ್ ತಲೆ ಕೆರೆದುಕೊಂಡ. "ಅದು ನನ್ನ ಹೆಂಡ್ತೀನ ಕೇಳ್ಬೇಕು."

ಏಳನೆಯದರಲ್ಲಿ ಉಪ್ಪು. ಎಂಟನೆಯದನ್ನು ತಲುಪುವಾಗ ಗಂಟೆ ಒಂದೂವರೆ, ಹತ್ತಿರ ಹತ್ತಿರ ಎರಡು ಗಂಟೆ ಬರೀ ಕುರ್ಚಿಯ ಮೇಲೆ ಕಳೆದಿದ್ದವು. ಹೀಗೇ ಹೋದರೆ ಐದಕ್ಕೆ ಗೇಟು ಮುಟ್ಟುವ ಮಾತಿಲ್ಲ, ಸೈಕಲ್ಲು ವರಾಂಡಕ್ಕೆ, ಟವೆಲ್ ಸೈಕಲ್ಲಿಗೆ. ಎಂಟನೆಯ ಕೆರೆಯ ಗಾರ್ಡ್ ಹೆಂಗಸು, ಕಾಡಿನ ಹನ್ನೊಂದು ಜನರಲ್ಲಿ ಒಬ್ಬಳೇ. ಫಾರಮ್ಮಿನಲ್ಲಿ ಕತ್ತರಿ ಎಲ್ಲಿ ಎಂದಿತ್ತು. ಇಸ್ತ್ರಿಯಕ್ಕ ಬಾಯಿ ತೆರೆಯುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದು, ಉತ್ತರದ ಜಾಗದಲ್ಲಿ ದೊಡ್ಡದಾಗಿ ಒಂದೇ ಪದ ಬರೆದಳು: ಹುಡುಕಿ. ಕೆಳಗೆ ಅರಣ್ಯ ಇಲಾಖೆಯ ಮೊಹರು ಒತ್ತಿ, ಆಜ್ಞೆಯ ಮೇರೆಗೆ ಎಂದು ಸೇರಿಸಿದಳು. ಆಜ್ಞೆಗೆ ಖಾತ್ರಿ ಕಾಯಬೇಕಾಗಿಲ್ಲವಂತೆ.

"ಹೊರಡಿ ಅಕ್ಕ," ಎಂದಳು. "ಮಧ್ಯದಲ್ಲಿ ಮರಳಿದೆ, ಗಾಳಿ ಸ್ವಲ್ಪ ಇಳಿಸ್ಕೊಳ್ಳಿ."

ಟೈರಿನ ಗಾಳಿ ಇಳಿಸಿ ಹೊರಟಳು. ಮರಳಿನ ಮೇಲೆ ಸೈಕಲ್ಲು ಬಿಸಿ ಇಸ್ತ್ರಿಯ ಹಾಗೆ ಜಾರಿಕೊಂಡು ಹೋಯಿತು. ಎರಡೂ ಕಡೆ ನೀರು, ನಡುವೆ ಬಿಳಿ ದಾರಿ, ತಲೆಯ ಮೇಲೆ ಎಲೆ. ಮೊದಲ ಸಲ ಅವಳು ಕೆರೆಯನ್ನು ಕೆರೆಯೆಂದೇ ನೋಡಿದಳು.

ಒಂಬತ್ತನೆಯದರಲ್ಲಿ ಗಂಡನ ಉತ್ತರ ಬಂದಿತ್ತು: ಆಜ್ಞೆ ತಲುಪಿತು. ಹುಡುಕಿದೆ. ಕತ್ತರಿ ಸಿಕ್ಕಿತು. ಜೊತೆಗೆ ಟಾರ್ಚು, ಎರಡು ಬೀಗದ ಕೈ, ನನ್ನ ಹಳೆಯ ಕನ್ನಡಕ ಮತ್ತು ಏನೆಂದು ತಿಳಿಯದ ಒಂದು ವಸ್ತು ಸಿಕ್ಕಿವೆ. ತಿಳಿಯದ ವಸ್ತುವನ್ನು ವರ್ಣಿಸಿದ್ದ: ಹಿಡಿಯಿದೆ, ರಂಧ್ರಗಳಿವೆ. ಅದು ಚಹಾ ಸೋಸುವ ಜಾಲರಿ. ಇಪ್ಪತ್ತಾರು ವರ್ಷ ಅವನು ಅದರಿಂದ ಇಳಿದದ್ದನ್ನೇ ಕುಡಿದಿದ್ದಾನೆ. ಅದನ್ನು ಬರೆಸಿ ಖಾತ್ರಿಗೆ ಕಾಯುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು.

ಹತ್ತನೆಯ ಕೆರೆಯಲ್ಲಿ ಗಾರ್ಡ್ ಸುಮ್ಮನೆ ಮೊಹರು ಒತ್ತಿ ಕಾರ್ಡು ಕೊಟ್ಟ. ಫಾರಂ ಇರಲಿಲ್ಲ. ಅವಳು ಒಂದು ಕಾಲು ನೆಲದಲ್ಲಿಟ್ಟು ನಿಂತೇ ಇದ್ದಳು. ಏನೂ ಬಂದಿಲ್ಲವೇ ಎಂದು ಕೇಳಿದಳು. ಇಲ್ಲವೆಂದ. ಇನ್ನೊಂದು ಸಲ ನೋಡಿ ಎಂದಳು. ಗೇಟಿನಲ್ಲಿ ವಿಚಾರಿಸಲು ಹೇಳಿದಳು, ತಂತಿ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿದಳು. ಹೀಗೆ ಇಪ್ಪತ್ತೈದು ನಿಮಿಷ ಹೋಯಿತು. ಅದನ್ನು ಕಳೆದವಳು ಅವಳೇ, ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

ಹನ್ನೊಂದನೆಯ ಕೆರೆ ತಲುಪಿದಾಗ ನಾಲ್ಕೂ ಮೂವತ್ತೈದು. ಗೇಟಿಗೆ ಐದು ಕಿಲೋಮೀಟರು. ಕನ್ನಡಕದ ಮುದುಕ ಗಾರ್ಡ್ ಮೊಹರು ಒತ್ತಿದ, ಆಮೇಲೆ ಫಾರಂ ತೆಗೆದ. ನೀನು ಎಲ್ಲಿದ್ದೀಯ ಎಂಬ ಪ್ರಶ್ನೆ. ಉತ್ತರ ಕೊಟ್ಟು ಖಾತ್ರಿಗೆ ಕಾದರೆ ಐದು ಗಂಟೆ ಇಲ್ಲೇ ಆಗಿಹೋಗುತ್ತದೆ. ಅವಳು ಫಾರಮ್ಮನ್ನು ಕಸಿದುಕೊಂಡು ಮೇಲಿಂದ ಕೆಳಗೆ ಓದಿದಳು. ಕಟ್ಟಕಡೆಗೆ, ಯಾರೂ ಎಂದೂ ತುಂಬಿರದ ಒಂದು ಚೌಕವಿತ್ತು.

"ಇಲ್ಲಿ ಗುರುತು ಹಾಕಿ," ಎಂದಳು. "ವ್ಯಕ್ತಿ ಸಿಗಲಿಲ್ಲ."

"ನನ್ನ ಎದುರಿಗೇ ನಿಂತಿದ್ದೀರಲ್ಲಮ್ಮ."

"ನಮ್ಮನೇಲಿ ಎದುರಿಗೆ ಇರೋದು ಯಾವುದೂ ಯಾರಿಗೂ ಸಿಗಲ್ಲ. ನೀವು ಬರೀರಿ, ಅವರಿಗೆ ಅರ್ಥವಾಗುತ್ತೆ."

ಮುದುಕ ಕನ್ನಡಕದ ಮೇಲಿಂದ ಅವಳನ್ನು ನೋಡಿದ, ಕೆರೆಯನ್ನು ನೋಡಿದ, ಗುರುತು ಹಾಕಿದ. ಅವಳು ಪೆಡಲು ತುಳಿದಳು.

ಕೊನೆಯ ಐದು ಕಿಲೋಮೀಟರು ಸಣ್ಣ ಜಲ್ಲಿ, ಹಿಟ್ಟಿನಂಥ ಬಿಳಿ ಧೂಳು. ತುಳಿದ ರಭಸಕ್ಕೆ ಕೂದಲು, ಹುಬ್ಬು, ನೀಲಿ ಕೋಟು ಎಲ್ಲ ಬೆಳ್ಳಗಾದವು. ಗೇಟು ಕಾಣಿಸಿದಾಗ ನಾಲ್ಕೂ ಐವತ್ತೇಳು. ಅಲ್ಲಿನ ಕೌಂಟರಿನ ಕಿಟಕಿಯ ಮುಂದೆ ಒಬ್ಬ ಗಂಡಸು ನಿಂತು ಗಾರ್ಡಿನ ಜೊತೆ ಮಾತಾಡುತ್ತಿದ್ದ, ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕಿ. ಸಿಗಲಿಲ್ಲವೆಂಬ ಸುದ್ದಿ ತಲುಪಿದ್ದೇ ತಡ, ಗಂಡ ಅತ್ತೆಯನ್ನು ಕರೆದುಕೊಂಡು ಓಡಿ ಬಂದಿದ್ದ. ಮುಖ ಬಿಳಿಚಿಕೊಂಡಿತ್ತು. ಅಂಗಿಯ ತೋಳಿನ ತುದಿ ಒದ್ದೆಯಾಗಿತ್ತು, ಅದನ್ನು ಅವಳು ಮೊದಲು ನೋಡಿದಳು.

ಗಾರ್ಡ್ ಗುರುತು ಕೇಳುತ್ತಿದ್ದ. ಎತ್ತರ ಎಷ್ಟು? ಗಂಡ ಕೈಯನ್ನು ಮೇಲೆ ಕೆಳಗೆ ಮಾಡಿ, ಬೀರುವಿನ ಮೇಲಿನ ಅರೆ ಎಟುಕುತ್ತದೆ ಎಂದ. ಬಟ್ಟೆಯ ಬಣ್ಣ? ಗೊತ್ತಿಲ್ಲ. ಸಾಮಾನ್ಯವಾಗಿ ಎಲ್ಲಿರುತ್ತಾರೆ?

"ಅಡುಗೆಮನೇಲಿ," ಎಂದ ಗಂಡ. "ಅಲ್ಲಿ ನೋಡಿ ಬಂದೆ."

ಇಸ್ತ್ರಿಯಕ್ಕ ಅವನ ಹಿಂದೆ ನಿಂತು ಕೆಮ್ಮಿದಳು. ಅವನು ತಿರುಗಿದ, ಬಿಳಿ ಧೂಳಿನ ಆಕೃತಿಯನ್ನು ನೋಡಿದ, ವಿನಯದಿಂದ ಪಕ್ಕಕ್ಕೆ ಸರಿದ. "ನೀವು ಮೊದಲು ಹೋಗಿ ಸಾರ್, ನಂದು ತಡವಾಗುತ್ತೆ."

ಅವಳು ಕಾರ್ಡು ಕಿಟಕಿಯೊಳಗೆ ಚಾಚಿದಳು. ಮೊಹರು ಬಿದ್ದಾಗ ಐದಕ್ಕೆ ಒಂದು ನಿಮಿಷ ಬಾಕಿಯಿತ್ತು. ಸುತ್ತು ಮುಗಿದಿತ್ತು. ಗಂಡ ಮತ್ತೆ ಕಿಟಕಿಗೆ ಬಗ್ಗಿ, ಕೂದಲು ಕಪ್ಪೇ ಇರಬೇಕು ಎಂದು ಬರೆಸತೊಡಗಿದ. ಅಯ್ಯೋ ಪಾಪ ಎನ್ನಿಸಿ ಅವಳು ಬಾಯಿ ತೆರೆದಳು.

ಬೆಂಚಿನಿಂದ ಅತ್ತೆ ಅವಳ ಕೋಟಿನ ಚುಂಗು ಹಿಡಿದು ಎಳೆದರು. ಅವರು ಆಗಲೇ, ದೂರದಿಂದಲೇ, ನೋಡಿಯಾಗಿತ್ತು. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು ನೀರಿನ ಬಾಟಲಿ ಅವಳ ಕೈಗಿಟ್ಟರು.

"ಸುಮ್ನೆ ಕೂತ್ಕೋ," ಎಂದರು ಮೆಲ್ಲಗೆ. "ಇನ್ನೊಂದು ಸ್ವಲ್ಪ ಹುಡುಕ್ಲಿ. ಈಗಷ್ಟೇ ಕಲೀತಿದಾನೆ."